ಕುರಿಹಟ್ಟಿಗೆ ಕೊಟ್ಟ ಸಲ್ಫಾ ಮಾತ್ರೆ

ಜಗಳೂರಿನ ದವಾಖಾನೆಗೆ ಆ ಚಳಿಗಾಲ ಜ್ವರವೆಂದು ಬಂದವರೆಲ್ಲ ಕ್ವಿನೈನ್ ಕೇಳಿಕೊಂಡೇ ಬರುತ್ತಿದ್ದರು. ಯುದ್ಧ ಇನ್ನೂ ಮುಗಿದಿರಲಿಲ್ಲ. ಅದರ ತೊಗಟೆ ಬೆಳೆಯುತ್ತಿದ್ದ ಜಾವಾ ಜಪಾನಿಯರ ವಶವಾದ ಮೇಲೆ ಕ್ವಿನೈನ್ ಸಿಗುವುದೇ ಕಷ್ಟವಾಗಿ, ನಾನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದೆ. ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಕ್ರಿಮಿ ಕಂಡರೆ ಮಾತ್ರ ಕೊಡುತ್ತಿದ್ದೆ. ಅದಕ್ಕೆ ಮುಂಚೆ ಚನ್ನಗಿರಿಯಲ್ಲಿದ್ದಾಗ ಈ ತಾಪತ್ರಯ ಇರಲಿಲ್ಲ. ಸೂಳೆಕೆರೆಯ ದಂಡೆಯ ಹಳ್ಳಿಗಳಿಂದ ನಡುಗುತ್ತಾ ಬಂದವರ ಹೊಟ್ಟೆಯ ಎಡಭಾಗ ಮುಟ್ಟಿದರೆ ಊದಿದ ಗುಲ್ಮ ಕೈಗೆ ಗಟ್ಟಿಯಾಗಿ ತಗಲುತ್ತಿತ್ತು. ರೋಗ ಗೊತ್ತು, ಔಷಧ ಗೊತ್ತು, ಮುಗಿಯಿತು. ಜಗಳೂರು ಒಣ ಸೀಮೆ. ಇಲ್ಲಿ ಚಳಿ ಬಂದು ನಡುಗಿದವರೆಲ್ಲ ಮಲೇರಿಯಾದವರಾಗಿರಲಿಲ್ಲ. ಕೆಲವರಿಗೆ ಎದೆಯಲ್ಲಿ ನ್ಯುಮೋನಿಯಾ ಶುರುವಾಗಿರುತ್ತಿತ್ತು, ಮನೆಯವರು ಸಂತೆಯಲ್ಲಿ ಸಿಕ್ಕ ಕ್ವಿನೈನನ್ನು ಕುಡಿಸಿ ಕುಡಿಸಿ ಅಮೂಲ್ಯವಾದ ದಿನಗಳನ್ನು ಕಳೆದಿರುತ್ತಿದ್ದರು.

ನ್ಯುಮೋನಿಯಾಕ್ಕೆ ಆಗ ನಮ್ಮ ಬಳಿ ಸಲ್ಫಾಪಿರಿಡಿನ್ ಇತ್ತು. ಸಾಧಾರಣ ಬಿಳಿ ಮಾತ್ರೆ. ಅದು ಬರುವುದಕ್ಕೆ ಮುಂಚೆ ನ್ಯುಮೋನಿಯಾ ಅಂದರೆ ವೈದ್ಯ ಮಾಡುವ ಕೆಲಸ ಕಾಯುವುದೊಂದೇ. ಎದೆಗೆ ಅಗಸೆಹಿಟ್ಟಿನ ಪಟ್ಟು ಹಾಕಿ, ನಾಡಿ ಕುಸಿದರೆ ಕರ್ಪೂರದ ಇಂಜೆಕ್ಷನ್ ಕೊಟ್ಟು, ಒಂದು ವಾರದ ಹೊತ್ತಿಗೆ ಬೆವರು ಬಿಟ್ಟು ಜ್ವರ ಇಳಿಯುತ್ತದೋ ಜೀವ ಹೋಗುತ್ತದೋ ಎಂದು ಮಂಚದ ಪಕ್ಕ ಕೂರುತ್ತಿದ್ದೆವು. ಸಲ್ಫಾ ಬಂದ ಮೇಲೆ, ಸಾಯುತ್ತಾನೆಂದು ಹೊತ್ತು ತಂದವನು ಎರಡು ದಿನದಲ್ಲಿ ಎದ್ದು ಕೂತು ಬೀಡಿ ಕೇಳುವುದನ್ನು ನೋಡಿದ್ದೆ. ಆ ಮಾತ್ರೆಯ ಮೇಲೆ ನನಗೆ ಭಕ್ತಿಯೇ ಹುಟ್ಟಿತ್ತೆಂದರೂ ಸುಳ್ಳಲ್ಲ.

ಒಂದು ಬೆಳಿಗ್ಗೆ ಕಂಬಳಿ ಹೊದ್ದ ಯುವಕನೊಬ್ಬ ದವಾಖಾನೆಯ ಬಾಗಿಲಿಗೆ ಬಂದು ನಿಂತ. ಊರಾಚೆಯ ಕುರಿಹಟ್ಟಿಯವನು.

"ಹೆಂಡ್ತಿಗೆ ಚಳಿಜ್ವರ ರೀ. ಕೊಯಿನಾ ಕೊಟ್ಟೀವಿ, ಇಳೀವಲ್ದು," ಅಂದ.

"ಕೆಮ್ಮು ಐತಾ?"

"ಐತೆ. ಉಸಿರು ಎಳಕಂಡ್ರೆ ಪಕ್ಕಿಗೆ ಚುಚ್ಚಿದಂಗೆ ಆಕೈತಂತೆ. ಮಾತಾಡಾಕೂ ಆಗ್ತಿಲ್ಲ."

ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಅವನ ಹಿಂದೆ ಹೋದೆ. ಹಟ್ಟಿಯೆಂದರೆ ಮುಳ್ಳುಬೇಲಿಯೊಳಗೆ ಕುರಿಗಳು, ಬದಿಯಲ್ಲಿ ಮಣ್ಣಿನ ಗೋಡೆಯ ಒಂದೆರಡು ಗುಡಿಸಲು. ಒಳಗೆ ಕಂಬಳಿಯ ರಾಶಿಗೆ ಒರಗಿ ಕೂತಿದ್ದಳು ಹುಡುಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲವಂತೆ. ಮೂಗಿನ ಹೊಳ್ಳೆ ಪ್ರತಿ ಉಸಿರಿಗೂ ಅರಳುತ್ತಿತ್ತು. ತುಟಿಯ ಮೇಲೆ ಜ್ವರದ ಬೊಕ್ಕೆ ಎದ್ದಿತ್ತು. ಅವಳ ಅತ್ತೆ ಮಣ್ಣಿನ ಕುಡಿಕೆಯಲ್ಲಿ ಕಫ ಹಿಡಿದಿಟ್ಟಿದ್ದಳು. ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಬೆನ್ನಿನ ಬಲಭಾಗದ ಕೆಳಗೆ ಬೆರಳಿಟ್ಟು ತಟ್ಟಿದೆ. ಟೊಳ್ಳು ಸದ್ದು ಬರಬೇಕಾದಲ್ಲಿ ಮರ ತಟ್ಟಿದ ಹಾಗೆ ಮಂದವಾಗಿ ಕೇಳಿತು. ಸ್ಟೆತಾಸ್ಕೋಪ್ ಇಟ್ಟರೆ ಕಿವಿಯ ಹತ್ತಿರ ಕೂದಲನ್ನು ಬೆರಳಲ್ಲಿ ಉಜ್ಜಿದಂಥ ಸಣ್ಣ ಚಿಟಿಚಿಟಿ ಸದ್ದು. ಇನ್ನು ಅನುಮಾನವಿರಲಿಲ್ಲ. ಆದರೂ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಬಳಿದುಕೊಂಡೆ. ಮಲೇರಿಯಾ ಜೊತೆಗಿದ್ದರೆ ಅದಕ್ಕೂ ನೋಡಬೇಕಿತ್ತು. ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಅಷ್ಟು ಉಬ್ಬಸದಲ್ಲೂ ಹುಡುಗಿ ನನ್ನ ರಬ್ಬರ್ ಕೊಳವೆಯನ್ನೇ ನೋಡುತ್ತಿದ್ದಳು. "ನಮ್ ಕುರಿ ಕೆಮ್ಮಿದ್ರೂ... ಅದ್ರಾಗೆ ಕೇಳ್ತೈತೇನ್ರಿ?" ಎಂದು ತಡೆದು ತಡೆದು ಕೇಳಿದಳು.

"ಕೇಳ್ತೈತೆ. ಮೊದಲು ನಿಂದು ಕೇಳಾನ," ಅಂದೆ. ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ದವಾಖಾನೆಗೆ ಕರೆದೊಯ್ಯಬೇಕೇ ಎಂದು ಯೋಚಿಸಿದೆ. ಆ ಉಸಿರಿನಲ್ಲಿ, ಆ ಕಲ್ಲುದಾರಿಯಲ್ಲಿ, ಎತ್ತಿನ ಗಾಡಿಯ ಕುಲುಕಾಟವನ್ನು ಅವಳ ಹೃದಯ ತಡೆಯಲಾರದೆನಿಸಿತು. ಅಲ್ಲೇ ಶುರು ಮಾಡಿದೆ. ಮೊದಲ ಸಲ ನಾಲ್ಕು ಮಾತ್ರೆಗಳನ್ನು ಪುಡಿ ಮಾಡಿ ಕುರಿಹಾಲಿನಲ್ಲಿ ಕದಡಿ ನಾನೇ ಕುಡಿಸಿದೆ. ಆಮೇಲಿನದನ್ನು ಹೊತ್ತುಹೊತ್ತಿಗೆ ಕೊಡುವುದು ಹೇಗೆಂದು ಅತ್ತೆಗೆ ತಿಳಿಸಿದೆ. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಕುರಿ ಬಿಡುವ ಹೊತ್ತು, ನೆರಳು ಕಾಲಿಗೆ ಬರುವ ಹೊತ್ತು, ಹಾಲು ಕರೆಯುವ ಹೊತ್ತು ಎಂದು ಅವಳೇ ಹೊಂದಿಸಿಕೊಂಡಳು. ಸೋಡಾ ಪುಡಿಯ ಪೊಟ್ಟಣಗಳನ್ನೂ ಕೊಟ್ಟೆ. ಈ ಔಷಧಕ್ಕೊಂದು ಗುಣವಿದೆ. ರಕ್ತದಿಂದ ಮೂತ್ರಕ್ಕೆ ಇಳಿದಾಗ ನೀರು ಸಾಲದಿದ್ದರೆ ಹರಳುಗಟ್ಟಿ ಮೂತ್ರಪಿಂಡದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ, "ದಿನಕ್ಕೆ ಒಂದು ಕೊಡ ನೀರು ಹೋಗಬೇಕಮ್ಮ. ಗುಳಿಗಿ ಎಷ್ಟು ಮುಖ್ಯನೋ ನೀರೂ ಅಷ್ಟೇ," ಅಂದೆ.

"ಆಗ್ಲಿ ರೀ," ಅಂದಳು ಅತ್ತೆ. ಎತ್ತರದ ಹೆಂಗಸು, ಮಾತು ಕಡಿಮೆ. ಸೊಸೆಯ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಾಗೆ ಕೂತು ಎಷ್ಟು ಹೊತ್ತಾಗಿತ್ತೋ.

ಮರುದಿನ ಹೋದಾಗ ಜ್ವರ ಇಳಿದಿತ್ತು. ಉಸಿರು ನಿಧಾನವಾಗಿತ್ತು. ಹುಡುಗಿ ಗೋಡೆಗೆ ಒರಗಿ ಕದಿರು ಹಿಡಿದು ಉಣ್ಣೆ ನೂಲಲು ನೋಡುತ್ತಿದ್ದಳು, ಅತ್ತೆ ಕಿತ್ತುಕೊಂಡು ಬದಿಗಿಡುತ್ತಿದ್ದಳು. ಗಂಡ ನನಗೊಂದು ಕಂಬಳಿ ಮಡಚಿ ಹಾಸಿದ. ಕೂತು ಹಾಲು ಕುಡಿದೆ. ವೃತ್ತಿಯಲ್ಲಿ ಸುಖವೆಂದು ಹೇಳಿಕೊಳ್ಳಬಹುದಾದ ಗಳಿಗೆಗಳಲ್ಲಿ ಅದೂ ಒಂದು. ಜ್ವರ ಇಳಿದರೂ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ರೋಗ ಮತ್ತೆ ಎದ್ದೀತೆಂದು ಹೇಳಿ ಬಂದೆ. ಆ ಮಾತನ್ನು ಅವರು ಶಿರಸಾವಹಿಸಿ ಪಾಲಿಸಿದರು.

ಅದಾಗಿ ಎರಡು ದಿನಕ್ಕೆ ಗಂಡ ಓಡಿಬಂದ. "ಸೊಂಟದಾಗೆ ನೋವು ಅಂತ ಉಳ್ಳಾಡ್ತಾಳ್ರಿ. ಒಂದಕ್ಕೆ ಹೋದ್ರೆ ಕೆಂಪಗೆ ಬರ್ತಿತ್ತು. ನಿನ್ನೆಯಿಂದ ಅದೂ ಇಲ್ಲ."

ಕೇಳುತ್ತಿದ್ದಂತೆ ನನಗೆ ಏನಾಗಿದೆಯೆಂದು ಗೊತ್ತಾಯಿತು. ಹಟ್ಟಿಗೆ ಹೋಗಿ ಅತ್ತೆಯನ್ನು ಕೇಳಿದೆ, "ನೀರು ಕುಡಿಸಿದ್ರಾ?"

"ಗುಳಿಗಿ ಒಂದೂ ತಪ್ಪಿಸಿಲ್ಲ ರೀ."

"ನೀರು?"

"ಗುಳಿಗಿ ನುಂಗಾಕೆ ಗುಟುಕು ಗುಟುಕು ಕೊಟ್ಟೀನಿ." ಆಮೇಲೆ ಹೇಳಿದಳು, "ನನ್ನ ಮಗಳು ಹಿಂಗೇ ಜ್ವರದಾಗೆ ನೀರು ನೀರು ಅಂತಿದ್ಲು. ಪಾಪ ಅಂತ ಕೊಟ್ಟೆ. ಸನ್ನಿ ಏರಿ ಹೋದ್ಲು. ಇವಳೂ ಕೇಳಿದ್ಲು. ಕೊಡಾಕೆ ನನಗೆ ಧೈರ್ಯ ಬರ್ಲಿಲ್ಲ."

ನೀರಿಲ್ಲದೆ ಒದ್ದಾಡುವ ಸೊಸೆಯ ಮುಂದೆ ಕೊಡ ಮುಚ್ಚಿಟ್ಟುಕೊಂಡು ಕೂರುವುದು ಅವಳಿಗೇನೂ ಸುಲಭವಾಗಿರಲಿಲ್ಲ. ಬದುಕಲಿ ಎಂದೇ ಹಾಗೆ ಮಾಡಿದ್ದಳು.

ಈ ಬಾರಿ ಹಟ್ಟಿಯಲ್ಲಿಟ್ಟುಕೊಳ್ಳುವ ಹಾಗಿರಲಿಲ್ಲ. ಜಗಳೂರಿಗೆ ಬರುವ ಬಸ್ಸು, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಗ್ಯಾಸಿನಲ್ಲಿ ಓಡುವಂಥದ್ದು, ಆ ಹೊತ್ತಿಗೆ ರಸ್ತೆಯಲ್ಲಿ ಹಾಯುತ್ತಿತ್ತು. ಗಂಡ ಅಡ್ಡ ನಿಂತು ಕೈ ಮಾಡಿದ. ಡ್ರೈವರ್ ಜಗಳೂರಿನ ಮುಸ್ಲಿಮರು, ವಯಸ್ಸಾದವರು. ವಿಷಯ ಕೇಳಿ ಪ್ರಯಾಣಿಕರ ಕಡೆ ತಿರುಗಿ, "ಸ್ವಲ್ಪ ಇಳೀರಿ, ಹಿಂದಿನ ಸೀಟು ಖಾಲಿ ಮಾಡ್ರಿ. ಜೀವದ ಸವಾಲ್ ಐತೆ," ಅಂದರು. ಯಾರೂ ಗೊಣಗಲಿಲ್ಲ. ಬಸ್ಸನ್ನು ರಸ್ತೆಯಿಂದಿಳಿಸಿ ಹಟ್ಟಿಯ ಬೇಲಿಯವರೆಗೂ ತಂದು, ಹೋಗುವಾಗ ಗುಂಡಿ ಕಂಡಲ್ಲೆಲ್ಲ ನಡೆಯುವವರಿಗಿಂತ ನಿಧಾನ ಮಾಡಿ ಕರೆದೊಯ್ದರು.

ದವಾಖಾನೆಯಲ್ಲಿ ಕೊಳವೆ ಹಾಕಿ ನೋಡಿದಾಗ ಮೂತ್ರಕೋಶದಲ್ಲಿ ಸಿಕ್ಕಿದ್ದು ಕೆಂಚಗಿನ ಒಂದಿಷ್ಟು ಹನಿ. ಸೂಕ್ಷ್ಮದರ್ಶಕದ ಕೆಳಗೆ ಅದರಲ್ಲಿ ಜೋಳದ ಸಿವುಡು ಕಟ್ಟಿ ನಿಲ್ಲಿಸಿದಂಥ ಹರಳುಗಳು ತುಂಬಿದ್ದವು. ದೊಡ್ಡ ಆಸ್ಪತ್ರೆಯಲ್ಲಾದರೆ ಮೂತ್ರನಾಳದೊಳಕ್ಕೆ ಸಣ್ಣ ಕೊಳವೆ ಏರಿಸಿ ತೊಳೆಯುತ್ತಾರೆಂದು ಓದಿದ್ದೆ. ಅಂಥ ಸಾಧನ ದಾವಣಗೆರೆಯಲ್ಲೂ ಇರಲಿಲ್ಲ.

ಮಾತ್ರೆ ನಿಲ್ಲಿಸಬೇಕಿತ್ತು. ಹೇಳುವುದು ಸುಲಭ. ಬಲಗಡೆಯ ಶ್ವಾಸಕೋಶ ಇನ್ನೂ ತಿಳಿಯಾಗಿರಲಿಲ್ಲ. ತಟ್ಟಿದರೆ ಮಂದ ಸದ್ದು ಹಾಗೇ ಇತ್ತು. ನಿಲ್ಲಿಸಿದರೆ ನ್ಯುಮೋನಿಯಾ ತಿರುಗಿಬೀಳಬಹುದು, ಮುಂದುವರಿಸಿದರೆ ಮೂತ್ರ ಪೂರ್ತಿ ಕಟ್ಟಿ ವಿಷವೇರುವುದು ಖಂಡಿತ. ನಿಲ್ಲಿಸಿದೆ. ತೊಡೆಯ ಚರ್ಮದ ಕೆಳಗೆ ಉಪ್ಪುನೀರು ಹರಿಸಿದೆವು, ಸೊಂಟಕ್ಕೆ ಬಿಸಿಶಾಖ ಕೊಟ್ಟೆವು, ಸೋಡಾ ಬೆರೆಸಿದ ನೀರನ್ನು ಬಾಯಿಂದ ಕುಡಿಸತೊಡಗಿದೆವು. ಕುಡಿಸುವ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಲೋಟ ಬಾಯಿಗಿಡುವ ಮುಂಚೆ ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದಳು, ನಾನು ತಲೆಯಾಡಿಸಿದ ಮೇಲೆ ಕುಡಿಸುತ್ತಿದ್ದಳು. ಹುಡುಗಿ ನೀರನ್ನು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದದ್ದು ಈಗಲೂ ಕಣ್ಣೆದುರಿಗಿದೆ.

ಮರುದಿನ ಮಧ್ಯಾಹ್ನ ಅತ್ತೆ ತಗಡಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರೋಗಿಗಳು ತುಂಬಿದ್ದ ಪಡಸಾಲೆಯ ನಡುವೆ ನಡೆದು ನನ್ನ ಮೇಜಿನ ಹತ್ತಿರ ಬಂದಳು. "ನೋಡ್ರಿ, ಬಂತು," ಅಂದಳು. ಅದರಲ್ಲಿ ಮೂತ್ರವಿತ್ತು. ನಾನೂ ಕಾಂಪೌಂಡರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಒಬ್ಬರಿಗೊಬ್ಬರು ನಕ್ಕೆವು. ಸಂಜೆಯ ಹೊತ್ತಿಗೆ ಬಣ್ಣವೂ ತಿಳಿಯಾಯಿತು.

ಆ ಸಂತೋಷ ಒಂದೇ ದಿನದ್ದು. ಜ್ವರ ಮತ್ತೆ ಏರಿತು. ಈ ಸಲ ಎಡಗಡೆಯ ಬೆನ್ನಲ್ಲಿ ಅದೇ ಕೂದಲು ಉಜ್ಜುವ ಸದ್ದು.

ಪೆನ್ಸಿಲಿನ್ ಎಂಬುದರ ಬಗ್ಗೆ ವೈದ್ಯ ಪತ್ರಿಕೆಗಳಲ್ಲಿ ಓದುತ್ತಿದ್ದ ಕಾಲ ಅದು. ಮೂತ್ರಪಿಂಡಕ್ಕೆ ತೊಂದರೆ ಮಾಡುವುದಿಲ್ಲ, ನ್ಯುಮೋನಿಯಾದ ಕ್ರಿಮಿಗೆ ಸಲ್ಫಾಕ್ಕಿಂತ ಮೇಲು ಎಂದಿತ್ತು. ಬೆಂಗಳೂರಿನ ಸೈನ್ಯದ ಆಸ್ಪತ್ರೆಯೊಂದರಲ್ಲಿ ನನ್ನ ಸಹಪಾಠಿಯೊಬ್ಬನಿದ್ದ. ಅವನಿಗೆ ತಂತಿ ಕೊಟ್ಟೆ. ಬೇಗನೇ ಉತ್ತರ ಬಂತು. ಸೈನಿಕರಿಗಲ್ಲದೆ ಯಾರಿಗೂ ಕೊಡುವಂತಿಲ್ಲ, ಕೇಳಿ ನೋಡಿದೆ, ಕ್ಷಮಿಸು ಎಂದಷ್ಟೇ ಇತ್ತು. ಅವನು ನಿಜವಾಗಿಯೂ ಕೇಳಿ ನೋಡಿರುತ್ತಾನೆ. ಒಳ್ಳೆಯವನು.

ಉಳಿದದ್ದು ಅದೇ ಮಾತ್ರೆ. ಕಾಂಪೌಂಡರ್ ಡಬ್ಬಿ ಹಿಡಿದು ನಿಂತಿದ್ದರು. "ಎಷ್ಟು ಕೊಡಾನ ಸರ್?"

"ಅರ್ಧ ಪ್ರಮಾಣ. ನೀರಿನ ಜೊತೆ. ನಾನೇ ನೋಡ್ಕೊಂತೀನಿ."

"ಅರ್ಧ ಸಾಕಾಗ್ತೈತಾ?"

"ಪೂರ್ತಿ ಕೊಟ್ರೆ ಮತ್ತೆ ಕಟ್ಟಿಕೊಳ್ತದೆ. ಈಗ ತಾನೇ ಬಿಟ್ಟಿದೆ."

ಅವರು ಮಾತ್ರೆ ಎಣಿಸತೊಡಗಿದರು. ಅತ್ತೆ ಮಂಚದ ತಲೆದೆಸೆಯಲ್ಲಿ ನಿಂತು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಈಗ ನೀರಿಗೆ ಕೊರತೆಯಿರಲಿಲ್ಲ. ಅತ್ತೆ ಕುಡಿಸುತ್ತಲೇ ಇದ್ದಳು. "ಅತ್ತಿ, ಹೊಟ್ಟ್ಯಾಗೆ ಕೆರಿ ಆಗೈತೆ, ಬಿಡು," ಎಂದು ಹುಡುಗಿ ಒಮ್ಮೆ ಅಂದದ್ದುಂಟು. ಅದೇ ಅವಳ ಕೊನೆಯ ತಮಾಷೆ. ಕೆಲವು ಸಲ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಗಿ ಹೋಯಿತು. ತುಟಿ ನೀಲಿಗಟ್ಟತೊಡಗಿತು. ಅದು ಸಲ್ಫಾದಿಂದಲೂ ಆಗುತ್ತದೆ, ಉಸಿರು ಸಾಲದೆಯೂ ಆಗುತ್ತದೆ. ಯಾವುದರಿಂದ ಎಂದು ಬೇರ್ಪಡಿಸುವ ದಾರಿ ನನಗಿರಲಿಲ್ಲ. ಮೂತ್ರ ಮಾತ್ರ ಕೊನೆಯವರೆಗೂ ಸರಾಗವಾಗಿ ಹೋಗುತ್ತಿತ್ತು. ಪೂರ್ತಿ ಪ್ರಮಾಣಕ್ಕೆ ಏರಿಸಲೇ ಎಂದು ಮತ್ತೆ ಮತ್ತೆ ಕೈ ಮುಂದೆ ಮಾಡಿ ಹಿಂದೆಗೆದೆ. ಕಡೆಗೆ ಏರಿಸೋಣವೆಂದು ನಿಶ್ಚಯಿಸಿದ ಬೆಳಿಗ್ಗೆ ಅವಳಿಗೆ ನುಂಗುವ ಶಕ್ತಿ ಇರಲಿಲ್ಲ. ಬಿಸಿಲು ಮಂಚದ ಮೇಲೆ ಬೀಳುವ ಹೊತ್ತಿಗೆ ತೀರಿಕೊಂಡಳು.

ಪೂರ್ತಿ ಕೊಟ್ಟಿದ್ದರೆ ಉಳಿಯುತ್ತಿದ್ದಳೋ, ಮತ್ತೆ ಮೂತ್ರ ಕಟ್ಟಿ ಇನ್ನೂ ನರಳಿ ಸಾಯುತ್ತಿದ್ದಳೋ, ನನಗೆ ಗೊತ್ತಿಲ್ಲ. ನನಗಿಂತ ತಿಳಿದವರನ್ನು ಆಮೇಲೆ ಕೇಳಿದ್ದೇನೆ. ಕೆಲವರು ನೀನು ಮಾಡಿದ್ದೇ ಸರಿ ಎಂದರು, ಕೆಲವರು ನಾವಾಗಿದ್ದರೆ ಪೂರ್ತಿ ಕೊಡುತ್ತಿದ್ದೆವು ಎಂದರು. ಆ ಎರಡೂ ಉತ್ತರಗಳಿಂದ ನನಗೆ ಸಮಾಧಾನವಾಗಲಿಲ್ಲ.

ಶವವನ್ನು ಗಾಡಿಗೆ ಹಾಕುವ ಮುಂಚೆ ಅತ್ತೆ ನನ್ನನ್ನು ಬದಿಗೆ ಕರೆದಳು. "ನಾನು ನೀರು ಕೊಡ್ಲಿಲ್ಲ ಅಂತ ಹಿಂಗಾತೇನ್ರಿ?"

"ಇಲ್ಲಮ್ಮ," ಅಂದೆ. "ನೀರಿನ ತೊಂದರೆ ವಾಸಿ ಆಗಿತ್ತು. ನೀವೇ ಪಾತ್ರೆ ತಂದು ತೋರಿಸಿದ್ರಲ್ಲ. ರೋಗ ಇನ್ನೊಂದು ಕಡೆಗೆ ಹಬ್ಬಿತು."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನಿಜ ಪೂರ್ತಿಯೂ ಇರಲಿಲ್ಲ. ನೀರು ಹೋಗಿದ್ದರೆ ಮಾತ್ರೆ ನಿಲ್ಲಿಸುವ, ಆಮೇಲೆ ಅರ್ಧ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಗಾಡಿಯ ಹಿಂದೆ ನಡೆದುಹೋದಳು.

ಅನಂತರ ಜಗಳೂರಿನಲ್ಲಿ ನಾನು ಸಲ್ಫಾವನ್ನು ಯಾರ ಮನೆಗೂ ಕೊಟ್ಟು ಕಳಿಸಲಿಲ್ಲ. ದವಾಖಾನೆಯ ಪಡಸಾಲೆಯಲ್ಲೇ ಚಾಪೆ ಹಾಸಿ ಮಲಗಿಸಿ, ನಮ್ಮ ಕಣ್ಣೆದುರಿಗೇ ನೀರು ಕುಡಿಸುತ್ತಿದ್ದೆ. ಆದರೆ ಅಷ್ಟರಲ್ಲಿ ಹಟ್ಟಿಗಳಲ್ಲಿ ಸುದ್ದಿ ಹರಡಿತ್ತು. ಡಾಕ್ಟರ ಬಿಳಿ ಗುಳಿಗೆ ಮೂತ್ರ ಕಟ್ಟಿಸಿ ಕೊಲ್ಲುತ್ತದಂತೆ, ಮೇಲೆ ಜ್ವರದವರಿಗೆ ತಣ್ಣೀರು ಹೊಯ್ಯುತ್ತಾರಂತೆ. ಆ ಚಳಿಗಾಲ ಮುಗಿಯುವವರೆಗೂ ಕುರಿ ಕಾಯುವವರ ಕಡೆಯಿಂದ ನ್ಯುಮೋನಿಯಾದ ರೋಗಿಗಳು ಬರುವುದೇ ನಿಂತಿತು. ಒಬ್ಬ ಗಟ್ಟಿಮುಟ್ಟಾದ ಗಂಡಸನ್ನು ಉಸಿರು ನಿಲ್ಲುವ ಸ್ಥಿತಿಯಲ್ಲಿ ತಂದರು. ಮೊದಲೇ ಏಕೆ ತರಲಿಲ್ಲವೆಂದು ಕೇಳಿದ್ದಕ್ಕೆ ಅವನ ಅಣ್ಣ, "ಗುಳಿಗಿಗೆ ಹೆದರಿದ್ವಿ ರೀ," ಅಂದ. ಮಾತ್ರೆಗಳು ಡಬ್ಬಿಯಲ್ಲಿ ಉಳಿದಿದ್ದವು. ಔಷಧವಿಲ್ಲದೆ ಜನ ಸಾಯುವುದನ್ನು ಬಹಳ ನೋಡಿದ್ದೆ. ಔಷಧವಿದ್ದೂ ಅದಕ್ಕೆ ಹೆದರಿ ಸಾಯುವುದನ್ನು ನೋಡಿದ್ದು ಅದೇ ಮೊದಲು.

ಮುಂದೆ ನನಗೆ ನ್ಯಾಮತಿಗೆ ವರ್ಗವಾಯಿತು. ಸ್ವಾತಂತ್ರ್ಯ ಬಂದ ಮೇಲಿನ ಒಂದು ಬೇಸಿಗೆ. ಆ ದಿನಗಳಲ್ಲಿ ಜಗಳೂರು ಕಡೆಯ ಕುರಿಮಂದೆಗಳು ಮೇವು ನೀರು ಹುಡುಕಿಕೊಂಡು ಹೊನ್ನಾಳಿಯ ಹೊಳೆಯ ದಿಕ್ಕಿಗೆ ಬಂದು, ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ಹಾಕುವುದು ವಾಡಿಕೆ. ಗೋವಿನಕೋವಿಯ ಗದ್ದೆಯಲ್ಲಿ ತಂಗಿದ್ದ ಮಂದೆಯೊಂದರಿಂದ ಬಾಣಂತಿಯೊಬ್ಬಳನ್ನು ಗಾಡಿಯಲ್ಲಿ ತಂದರು. ಹೆರಿಗೆಯಾದ ಮೇಲೆ ನಡುಕ ಬಂದು ಜ್ವರ ಏರಿತ್ತು. ಕೆಳಹೊಟ್ಟೆ ಮುಟ್ಟಿದರೆ ಚೀರುತ್ತಿದ್ದಳು. ಗಾಡಿಯಿಂದ ಕೂಸನ್ನೆತ್ತಿಕೊಂಡು ಇಳಿದವಳು ಅದೇ ಅತ್ತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವಳು ಮಗನಿಗೆ ಎರಡನೆಯದಾಗಿ ತಂದುಕೊಂಡ ಸೊಸೆ.

ನನ್ನನ್ನು ನೋಡಿ ನಿಂತಲ್ಲೇ ನಿಂತಳು. "ಗಾಡಿ ತಿರುಗಿಸ್ರಿ" ಅಂದಾಳೆಂದು ನಾನು ಕಾದೆ. ಅನ್ನಲಿಲ್ಲ. "ನೀವಾ," ಅಂದಳು. ಆಮೇಲೆ, "ಈ ಸಲ ಅರ್ಧ ಕೊಡಬ್ಯಾಡ್ರಿ," ಅಂದಳು.

ಬಾಣಂತಿ ಸನ್ನಿಗೆ ಸಲ್ಫಾ ಕೂಡ ಕೆಲಸ ಮಾಡುತ್ತದೆ. ಆದರೆ ಆ ಹೊತ್ತಿಗೆ ಪೆನ್ಸಿಲಿನ್ ನಮ್ಮಂಥ ಊರುಗಳಿಗೂ ಅಷ್ಟಿಷ್ಟು ಬರತೊಡಗಿತ್ತು. ನಾನು ಅದನ್ನೇ ಆರಿಸಿದೆ. ಶಿವಮೊಗ್ಗದಿಂದ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತರಿಸಿ, ಶುದ್ಧ ನೀರಿನಲ್ಲಿ ಕರಗಿಸಿ, ಮೂರು ಮೂರು ಗಂಟೆಗೊಮ್ಮೆ ಸೂಜಿ ಹಾಕುವುದು. ಔಷಧ ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ, ಒಂದು ಹೊತ್ತೂ ತಪ್ಪಿಸುವಂತಿರಲಿಲ್ಲ. ನರ್ಸೂ ನಾನೂ ಸರದಿಯ ಮೇಲೆ ಹಾಕಿದೆವು. ಹುಡುಗಿಯ ಸೊಂಟದ ಮೇಲೆ ಚುಚ್ಚಲು ಜಾಗವಿಲ್ಲದಂತಾಯಿತು. ಜ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಂದು ಬೆಳಿಗ್ಗೆ ಅವಳು ತಾನೇ ಕೂಸನ್ನು ಕೇಳಿ ಇಸಿದುಕೊಂಡು ಹಾಲು ಕೊಟ್ಟಳು.

ಆವತ್ತು ಅತ್ತೆ ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೊರಗೆ ಬಂದಾಗ ಕೇಳಿದಳು, "ಈ ಸೂಜಿ ಆವಾಗ ಇತ್ತೇನ್ರಿ?"

ಇರಲಿಲ್ಲ ಎನ್ನಬಹುದಿತ್ತು. ಅವಳಿಗೆ ಒಮ್ಮೆ ಅರ್ಧ ನಿಜ ಹೇಳಿಯಾಗಿತ್ತು.

"ಇತ್ತು. ಲಡಾಯಿಯಲ್ಲಿ ಗಾಯ ಆದ ಸಿಪಾಯಿಗಳಿಗೆ ಕೊಡ್ತಿದ್ರು. ನಾನು ತಂತಿ ಕೊಟ್ಟು ಕೇಳಿದ್ದೆ. ನಮಗೆ ಸಿಗಲಿಲ್ಲ."

"ಇರ್ಲಿಲ್ಲ ಅಂದಿದ್ರೆ, ಅವಳ ಹಣೇಬರ ಅಂತ ಬಿಡ್ತಿದ್ದೆ," ಅಂದಳು. "ಇತ್ತು ಅಂತೀರಿ. ಇದನ್ನ ಏನಂತ ಬಿಡ್ಲಿ?"

ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಒಳಗಿನಿಂದ ನರ್ಸ್ ಸೂಜಿಯ ಹೊತ್ತಾಯಿತೆಂದು ಕರೆಯುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದೆವು.